ಗಾಲಿಕುರ್ಚಿಯಲ್ಲಿ ಕೂತು ಗೆದ್ದ ಅಫ್ಘಾನ್ ಹೆಣ್ಮಕ್ಕಳು

ಅಫ್ಘಾನಿಸ್ತಾನದ ಸುದ್ದಿ ಎಂದರೆ ನಾವು ಓದುವುದೆಲ್ಲ ಬಾಂಬು, ಗುಂಡು, ಹಸಿವು. ದಶಕಗಳ ಯುದ್ಧ ಅಲ್ಲಿ ಗೋರಿಗಳನ್ನು ಮಾತ್ರ ಬಿಟ್ಟು ಹೋದದ್ದಲ್ಲ. ನೆಲಬಾಂಬಿಗೆ ಕಾಲು ಕಳಕೊಂಡವರು, ಬೆನ್ನುಮೂಳೆಗೆ ಪೆಟ್ಟಾದವರು, ಪೋಲಿಯೊ ಬಂದು ನಡೆಯಲಾಗದವರು ಲೆಕ್ಕವಿಲ್ಲದಷ್ಟು ಉಂಟು. ಅದರಲ್ಲೂ ಹೆಣ್ಣಾದರೆ ಮನೆಯ ಮೂಲೆಯೇ ಗತಿ.

ಅಂಥವರಿಗೆ ಕೃತಕ ಕಾಲು, ಗಾಲಿಕುರ್ಚಿ ಕೊಡುವ ಕೇಂದ್ರಗಳನ್ನು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ನಡೆಸುತ್ತಾ ಬಂದಿದೆ. 1990ರಲ್ಲಿ ಕಾಬೂಲಿಗೆ ಬಂದ ಇಟಲಿಯ ಫಿಸಿಯೋಥೆರಪಿಸ್ಟ್ ಅಲ್ಬರ್ಟೊ ಕೈರೊ ಅವರು ಅಲ್ಲಿ ಒಂದು ರೂಢಿ ತಂದರು: ಚಿಕಿತ್ಸೆಗೆ ಬಂದವರಿಗೇ ಕೇಂದ್ರದಲ್ಲಿ ಕೆಲಸ. ಕಾಲಿಲ್ಲದವರೇ ಕಾಲು ಮಾಡಿ ಕೊಡುವವರಾದರು.

2009ರಲ್ಲಿ ಆ ದೇಶಕ್ಕೆ ಬಾಸ್ಕೆಟ್‌ಬಾಲ್ ಕಲಿಸಲು ಹೋದವರು ಅಮೆರಿಕದ ಜೆಸ್ ಮಾರ್ಕ್ಟ್. ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾರು ಅಪಘಾತವಾಗಿ ಗಾಲಿಕುರ್ಚಿಗೆ ಬಂದವರು ಅವರು. 'ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ' ಎನ್ನುವವರ ಎದುರು ಅಂಥ ಕೋಚ್ ಬಂದು ಕೂತರೆ ಬೇರೆ ಉಪದೇಶ ಬೇಕಾ? ಮೊದಲು ಗಂಡಸರ ತಂಡಗಳಾದವು, ಬಳಿಕ ಮಹಿಳೆಯರೂ ಬಂದರು. ತಲೆವಸ್ತ್ರ, ಉದ್ದ ತೋಳಿನ ಅಂಗಿ ತೊಟ್ಟೇ ಆಡಿದರು.

ಈ ಆಟ ಸಸಾರ ಅಂದ್ಕೊಳ್ಳಬೇಡಿ. ಅಂಗಳ ಅಷ್ಟೇ ದೊಡ್ಡದು, ಬುಟ್ಟಿ ಅದೇ ಹತ್ತು ಅಡಿ ಎತ್ತರದಲ್ಲಿ. ಚೆಂಡು ಕೈಯಲ್ಲಿದ್ದಾಗ ಎರಡು ಸಲ ಗಾಲಿ ತಳ್ಳಿದ ಮೇಲೆ ಚೆಂಡನ್ನು ನೆಲಕ್ಕೆ ಬಡಿಯಬೇಕು, ಇಲ್ಲ ಬೇರೆಯವರಿಗೆ ಕೊಡಬೇಕು. ಕುರ್ಚಿಗೆ ಕುರ್ಚಿ ಢಿಕ್ಕಿಯಾಗಿ ಮಗುಚಿ ಬೀಳುವುದು ಮಾಮೂಲು. ಬಿದ್ದವಳು ಕೈಯೂರಿ ಎದ್ದು ಪುನಃ ಓಡಿಸುತ್ತಾಳೆ.

ನಮಗೆ ಬಹಳ ಹಿಡಿಸಿದ ನಿಯಮ ಇನ್ನೊಂದುಂಟು. ಶರೀರದಲ್ಲಿ ಎಷ್ಟು ಚಲನೆ ಇದೆ ಎಂದು ನೋಡಿ ಪ್ರತಿಯೊಬ್ಬರಿಗೂ 1ರಿಂದ 4.5ರವರೆಗೆ ಅಂಕ ಕೊಡುತ್ತಾರೆ. ಅಂಗಳದಲ್ಲಿರುವ ಐವರ ಮೊತ್ತ 14 ದಾಟಬಾರದು. ಅಂದ್ರೆ ಗಟ್ಟಿಮುಟ್ಟಾದವರನ್ನೇ ಆಡಿಸಿ, ಹೆಚ್ಚು ತೊಂದರೆ ಇದ್ದವಳನ್ನು ಹೊರಗೆ ಕೂರಿಸ್ಲಿಕ್ಕೆ ಆಗುವುದಿಲ್ಲ. ಅವಳಿಲ್ಲದೆ ತಂಡವೇ ಆಗದು. 'ನಾನು ಹೊರೆ' ಎಂದುಕೊಂಡವಳು 'ನಾನು ಬೇಕು' ಎನ್ನುವಂತಾಗುವುದು ಹೀಗೆ.

ತಂಡದ ನಾಯಕಿಯಾದ ನಿಲೋಫರ್ ಬಯಾತ್ ಎರಡು ವರ್ಷದ ಮಗುವಾಗಿದ್ದಾಗ ಮನೆಗೆ ರಾಕೆಟ್ ಬಿದ್ದಿತ್ತು. ಸಹೋದರ ತೀರಿಕೊಂಡ, ಆಕೆಯ ಬೆನ್ನುಮೂಳೆಗೆ ಪೆಟ್ಟಾಯಿತು. 2017ರಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಟೂರ್ನಿಯನ್ನು ಅಫ್ಘಾನ್ ಮಹಿಳೆಯರು ಗೆದ್ದರು. ಹೊಸ್ತಿಲು ದಾಟಲು ಅಂಜಿದವರ ಕೈಗೆ ಕಪ್ ಬಂತು. ಅದನ್ನು ನೋಡಿದ ಕೋಚ್‌ಗೆ ಇನ್ನೆಂತ ಸಂಬಳ ಬೇಕು!

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಮಹಿಳೆಯರ ಕ್ರೀಡೆಗೆ ಬಾಗಿಲು ಬಿತ್ತು. ನಿಲೋಫರ್ ಸ್ಪೇನಿನ ಬಿಲ್ಬಾವೊ ಸೇರಿ ಅಲ್ಲಿನ ಕ್ಲಬ್ ತಂಡದಲ್ಲಿ ಆಡಿದರು. ಹಾಗೆ ಹೊರಗೆ ಹೋಗಲಾಗದ ಹೆಣ್ಮಕ್ಕಳಿಗೆ ಅಂಗಳವೇ ಇಲ್ಲದಾಯಿತು. ಕಪ್ಪನ್ನು ಕಪಾಟಿನಲ್ಲಿ ಇಡಬಹುದು. ಧೈರ್ಯಕ್ಕೆ ದಿನವೂ ಅಂಗಳ ಬೇಕು.

ನಮ್ಮ ದೇಶದಲ್ಲಿ ಆ ಅಂಗಳ ತೆರೆದೇ ಇದೆ. 2014ರಲ್ಲಿ ಚೆನ್ನೈಯಲ್ಲಿ ಗಾಲಿಕುರ್ಚಿ ಬಾಸ್ಕೆಟ್‌ಬಾಲಿನ ರಾಷ್ಟ್ರೀಯ ಒಕ್ಕೂಟ ಹುಟ್ಟಿದೆ. ಮಾರ್ಕ್ಟ್ ಇಲ್ಲಿಗೂ ಬಂದು ತರಬೇತಿ ಕೊಟ್ಟಿದ್ದಾರೆ. ಬಾಗಿಲು ಮುಚ್ಚಿರುವುದು ನಮ್ಮ ಮನೆಗಳಲ್ಲಿ. ಮದುವೆಗೆ, ನೆಂಟರ ಮನೆಗೆ ಕರೆದುಕೊಂಡು ಹೋಗದೆ ಒಳಕೋಣೆಯಲ್ಲಿ ಬಿಟ್ಟ ಹೆಣ್ಮಕ್ಕಳು ನಮ್ಮ ಜಮಾಅತ್‌ಗಳಲ್ಲೂ ಇಲ್ಲವಾ? ಅವರೆಲ್ಲ ಬಾಸ್ಕೆಟ್‌ಬಾಲ್ ಆಡಬೇಕೆಂದು ನಾವು ಹೇಳುವುದಿಲ್ಲ. ಮದ್ರಸದ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹತ್ತುವಷ್ಟು ಅಗಲದ ಒಂದು ಇಳಿಜಾರು ಕಟ್ಟಿಸೋಣ. ಆ ಮಗು ಮೊದಲು ಹೊರಗೆ ಬರಲಿ.