ಪಡಸಾಲೆಯ ಟಿ.ವಿ.ಯಲ್ಲಿ 4ಕೆ ಗೇಮ್: ಮಗ್ಗದ ಊರಿನ ಲೆಕ್ಕಾಚಾರವೇ ಬೇರೆ

ಬನಹಟ್ಟಿ: ದೊಡ್ಡ ಪರದೆಯ 4ಕೆ ಟಿ.ವಿ. ಈಗ ಸಣ್ಣ ಊರುಗಳ ಪಡಸಾಲೆಗೂ ಬಂದಿದೆ. 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18ಕ್ಕೆ ಇಳಿದಿದೆ. ಟಿ.ವಿ. ಬಂದ ಬೆನ್ನಲ್ಲೇ ಮಕ್ಕಳ ಮುಂದಿನ ಬೇಡಿಕೆ, ಅದಕ್ಕೆ ಜೋಡಿಸಿ ಗೇಮ್ ಆಡಬಲ್ಲ ಕಂಪ್ಯೂಟರ್. ಆದರೆ ವಿದ್ಯುತ್ ಮಗ್ಗಗಳ ಸೀರೆಗೆ ಹೆಸರಾದ ರಬಕವಿ-ಬನಹಟ್ಟಿಯಂತಹ ಊರಿನಲ್ಲಿ ಅಂಗಡಿಯ ದರಪಟ್ಟಿ ತೋರಿಸದ ಎರಡು ಸಂಗತಿಗಳಿವೆ: ಒಂದು ವಿದ್ಯುತ್, ಇನ್ನೊಂದು ಧೂಳು. ಇವೆರಡನ್ನು ಮರೆತರೆ ಕುಟುಂಬ ಕೂಡಿಟ್ಟ ಹಣ ಕೆಲವೇ ತಿಂಗಳಲ್ಲಿ ವ್ಯರ್ಥವಾಗಬಹುದು.

ಹಣ ಎಲ್ಲಿ ಹಾಕಬೇಕು?

ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಅಂದರೆ ಕೆಲಸ ನಾಲ್ಕು ಪಟ್ಟು. ಈ ಹೊರೆಯನ್ನು ಹೆಚ್ಚಾಗಿ ಹೊರುವುದು ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಅಲ್ಲ. ಆದ್ದರಿಂದ ಒಟ್ಟು ಹಣದಲ್ಲಿ ಅರ್ಧದಷ್ಟನ್ನು ಕಾರ್ಡ್‌ಗೆ ಮೀಸಲಿಟ್ಟು, ಆರು ಕೋರ್‌ಗಳ ಮಧ್ಯಮ ದರ್ಜೆಯ ಪ್ರೊಸೆಸರ್‌ಗೆ ತೃಪ್ತಿಪಡುವುದು ಜಾಣತನ.

2025ರಲ್ಲಿ ಬಿಡುಗಡೆಯಾದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಹಾಗೂ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಈ ಉದ್ದೇಶಕ್ಕೆ ಹೊಂದುವ ಕಾರ್ಡ್‌ಗಳು. ಇಲ್ಲೊಂದು ಎಚ್ಚರಿಕೆ ಅಗತ್ಯ. ಎರಡೂ ಕಾರ್ಡ್‌ಗಳು ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎಂಬ ಎರಡು ಬಗೆಗಳಲ್ಲಿ ಬರುತ್ತವೆ. 4ಕೆ ಆಟಕ್ಕೆ 16 ಜಿಬಿಯದೇ ಬೇಕು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದಿಯೇ ಹಣ ಕೊಡಬೇಕು.

ಈ ದರ್ಜೆಯ ಕಾರ್ಡ್‌ಗಳು ಹೊಸ, ಭಾರೀ ಗೇಮ್‌ಗಳನ್ನು ನೇರವಾಗಿ 4ಕೆಯಲ್ಲಿ ಸರಾಗವಾಗಿ ಓಡಿಸಲಾರವು. ಅದಕ್ಕಾಗಿಯೇ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಎಂಬ ತಂತ್ರಗಳಿವೆ. ಕಾರ್ಡ್ ಕಡಿಮೆ ಚುಕ್ಕೆಗಳಲ್ಲಿ ಚಿತ್ರ ರಚಿಸುತ್ತದೆ. ತಂತ್ರಾಂಶ ಅದನ್ನು 4ಕೆಗೆ ಹಿಗ್ಗಿಸುತ್ತದೆ. ಏಳೆಂಟು ಅಡಿ ದೂರದ ಸೋಫಾದಲ್ಲಿ ಕುಳಿತವರಿಗೆ ವ್ಯತ್ಯಾಸ ಅಷ್ಟಾಗಿ ಗೋಚರಿಸುವುದಿಲ್ಲ. ಪಡಸಾಲೆಯ ಆಟ ಅಗ್ಗವಾಗುವುದು ಇದರಿಂದಲೇ.

ಹಳೆಯ ಕಾರ್ಡ್ ಕೊಳ್ಳುವವರೂ ಜಾಗ್ರತೆ ವಹಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಕ್ರಿಪ್ಟೊ ನಾಣ್ಯದ ಗಣಿಗಾರಿಕೆ ನಿಂತ ಬಳಿಕ ತಿಂಗಳುಗಟ್ಟಲೆ ಹಗಲಿರುಳು ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದಿದ್ದವು. ಕಣ್ಣೆದುರು ಅರ್ಧ ಗಂಟೆ ಓಡಿಸಿ ತೋರಿಸದೆ, ಬಿಲ್ ಕೊಡದೆ ಮಾರುವವರಿಂದ ಕೊಳ್ಳದಿರುವುದು ಒಳಿತು. ಇನ್ನು 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆ ಕೇಂದ್ರಗಳ ಬೇಡಿಕೆಯಿಂದ ರ್‍ಯಾಮ್ ದರ ತೀವ್ರವಾಗಿ ಏರಿತು. ಹಳೆಯ ಕಂಪ್ಯೂಟರ್‌ನ ಡಿಡಿಆರ್4 ರ್‍ಯಾಮ್ ಕೈಯಲ್ಲಿದ್ದರೆ ಅದಕ್ಕೆ ಹೊಂದುವ ಮದರ್‌ಬೋರ್ಡ್ ಆಯ್ದುಕೊಳ್ಳುವುದೇ ದೊಡ್ಡ ಉಳಿತಾಯ.

ಮಗ್ಗ, ವೋಲ್ಟೇಜ್, ಧೂಳು

ಮಗ್ಗಗಳ ಮೋಟಾರುಗಳು ಒಟ್ಟಿಗೆ ಚಾಲನೆಗೊಂಡಾಗ ಅದೇ ಮಾರ್ಗದ ಮನೆಗಳಲ್ಲಿ ವೋಲ್ಟೇಜ್ ಕುಸಿಯಬಹುದು. ಅಗ್ಗದ ಪವರ್ ಸಪ್ಲೈಗಳಲ್ಲಿ ಹಲವು 200ರಿಂದ 240 ವೋಲ್ಟ್‌ಗಳ ನಡುವೆ ಮಾತ್ರ ಕೆಲಸ ಮಾಡುತ್ತವೆ. '100-240' ಎಂದು ಮುದ್ರಿಸಿರುವ, 550ರಿಂದ 650 ವ್ಯಾಟ್‌ನ ಹೆಸರಾಂತ ಪವರ್ ಸಪ್ಲೈ ಆಯ್ದುಕೊಳ್ಳಬೇಕು. ಮನೆಯ ಇನ್ವರ್ಟರ್‌ಗೆ ಜೋಡಿಸುವುದಾದರೆ ಅದು ಪ್ಯೂರ್ ಸೈನ್‌ವೇವ್ ಬಗೆಯದಾಗಿರಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳುವುದು ಮೊದಲ ಕೆಲಸ.

ಮನೆಯಲ್ಲೇ ಮಗ್ಗವಿದ್ದರೆ ನೂಲಿನಿಂದ ಏಳುವ ನವಿರಾದ ಎಳೆಗಳು ಫ್ಯಾನ್‌ಗಳಿಗೆ ಸುತ್ತಿಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತವೆ. ಬೇಸಿಗೆಯ ಬಿಸಿಯೂ ಸೇರಿದರೆ ಕಾರ್ಡ್ ಕಾದು ವೇಗ ತಗ್ಗಿಸಿಕೊಳ್ಳುತ್ತದೆ. ಬಣ್ಣದ ದೀಪಗಳ ಕ್ಯಾಬಿನೆಟ್‌ಗಿಂತ, ಬಿಚ್ಚಿ ತೊಳೆಯಬಹುದಾದ ಜಾಲರಿಯ ಕ್ಯಾಬಿನೆಟ್ ಇಲ್ಲಿ ಉಪಯುಕ್ತ. ಅದನ್ನು ನೆಲದ ಮೇಲಾಗಲಿ, ಟಿ.ವಿ. ಕಪಾಟಿನ ಮುಚ್ಚಿದ ಖಾನೆಯಲ್ಲಾಗಲಿ ಇಡಬಾರದು. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಹಿಡಿದು ಬ್ಲೋವರ್‌ನಿಂದ ಧೂಳು ತೆಗೆಯಬೇಕು.

ಬಿಲ್ ಮರೆಯದಿರಿ

ಆಟದ ವೇಳೆ ಕಂಪ್ಯೂಟರ್ ಸುಮಾರು 300 ವ್ಯಾಟ್, ಟಿ.ವಿ. 100 ವ್ಯಾಟ್ ಎಳೆದರೆ ಎರಡೂವರೆ ಗಂಟೆಗೆ ಒಂದು ಯೂನಿಟ್. ನಿತ್ಯ ಆಡಿದರೆ ತಿಂಗಳಿಗೆ 30 ಯೂನಿಟ್. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ ನಿಗದಿಯಾಗಿದೆ. ಅದನ್ನು ಮೀರಿದ ಬಳಕೆಗೆ ಹಣ ತೆರಬೇಕು. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ಣ ಬಿಲ್ ಕಟ್ಟಬೇಕು. 175 ಯೂನಿಟ್ ಬಳಸುವ ಮನೆಗೆ ಈ 30 ಯೂನಿಟ್ ದುಬಾರಿಯಾಗುವುದು ಹೀಗೆ. ಅದನ್ನು ತಪ್ಪಿಸಲು ಮಗ್ಗದ ರಿಯಾಯಿತಿ ಸಂಪರ್ಕದಿಂದ ತಂತಿ ಎಳೆಯುವುದು ನಿಯಮಬಾಹಿರ.

ಹೆಸ್ಕಾಂ ಬಿಲ್‌ನಲ್ಲಿ ಕಳೆದ ತಿಂಗಳ ಯೂನಿಟ್ ಎಷ್ಟೆಂದು ನೋಡಿಕೊಂಡು ಅಂಗಡಿಗೆ ಹೊರಡುವುದು ಕ್ಷೇಮ. ಕಂಪ್ಯೂಟರ್ ತಂದ ದಿನ ಟಿ.ವಿ.ಯ ಎಚ್‌ಡಿಎಂಐ ತಂತಿಯನ್ನು ಮದರ್‌ಬೋರ್ಡ್‌ಗಲ್ಲದೆ ಗ್ರಾಫಿಕ್ಸ್ ಕಾರ್ಡ್‌ಗೆ ಜೋಡಿಸಿ, ಟಿ.ವಿ.ಯಲ್ಲಿ 'ಗೇಮ್ ಮೋಡ್' ಆನ್ ಮಾಡಬೇಕು. ಈ ಎರಡಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.