ಟ್ರ್ಯಾಕ್ಟರ್ ಟ್ರೇಲರ್: ಸರಕಿಗೆ ಸರಿ, ಜನರಿಗಲ್ಲ



ಹಿಂದೊಮ್ಮೆ ಮಹಿಳಾ ದಿನಾಚರಣೆಗೆ ನಾವೇ ಟ್ರ್ಯಾಕ್ಟರ್ ಗೊತ್ತುಮಾಡಿ ಸಂಘದ ಸದಸ್ಯೆಯರನ್ನು ಕರೆಸಿದ್ದೆವು. ಏರಿನಲ್ಲಿ ಹುಕ್ಕಿನ ಪಿನ್ನು ಕಳಚಿ, ಟ್ರೇಲರ್ ಹಿಂದಕ್ಕೆ ಜಾರಿ ಚರಂಡಿಗೆ ಬಿತ್ತು. ದೇವರ ದಯೆ, ಜೀವಹಾನಿ ಆಗಲಿಲ್ಲ. ಆದರೆ ಒಬ್ಬ ತಾಯಿಯ ಕೈ ಮುರಿದು ಮೂರು ತಿಂಗಳು ಕೂಲಿ ತಪ್ಪಿತು. ಬಸ್ಸಿನ ಖರ್ಚು ಉಳಿಸಲು ಹೋಗಿ ಮಾಡಿದ ತಪ್ಪು ಅದು, ನಮ್ಮದೇ ತಪ್ಪು.

ಅಪಾಯ ಎಲ್ಲಿದೆ?

ಟ್ರೇಲರ್‌ಗೆ ಸ್ವಂತ ಇಂಜಿನ್ ಇಲ್ಲ, ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೂ ಇಲ್ಲ. ಟ್ರ್ಯಾಕ್ಟರ್ ಬ್ರೇಕ್ ಹಾಕಿದಾಗ ಹಿಂದಿನ ಭಾರ ಅದನ್ನು ಮುಂದಕ್ಕೆ ದೂಡುತ್ತದೆ. ತಿರುವಿನಲ್ಲಿ ಹೀಗಾದರೆ ಎರಡೂ ಮಡಚಿಕೊಂಡು ಪಲ್ಟಿಯಾಗಬಹುದು. ಕುಳಿತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಕಾನೂನಿನಲ್ಲೂ ಟ್ರೇಲರ್ ಇರುವುದು ಸರಕಿಗೆ. ಅದರಲ್ಲಿ ಅಥವಾ ಮಡ್‌ಗಾರ್ಡ್ ಮೇಲೆ ಕುಳಿತವರಿಗೆ ಅಪಘಾತವಾದರೆ, ವಿಮೆ ಇದ್ದರೂ ಪರಿಹಾರ ಸಿಗದೆ ಕೋರ್ಟಿಗೆ ಅಲೆದವರಿದ್ದಾರೆ.

ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ, ಸರಕು ಹೇರಿದಾಗ ನೀವೇ ನೋಡಿ:

1. ಪಿನ್ನು ಸವೆದಿದೆಯೇ? ಅದು ಮೇಲೇಳದಂತೆ ಕೆಳಗೆ ಲಾಕ್ ಹಾಕಿದೆಯೇ? ತಂತಿ, ಕಟ್ಟಿಗೆ ತುಂಡು ಸಿಕ್ಕಿಸುವುದು ಬೇಡ. ಜೊತೆಗೆ ಗಟ್ಟಿ ಸರಪಳಿಯೂ ಇರಲಿ.

2. ಹೊಲದಲ್ಲಿ ಎಡ, ಬಲ ಬ್ರೇಕುಗಳನ್ನು ಬೇರೆ ಬೇರೆ ಒತ್ತುತ್ತಾರೆ. ರಸ್ತೆಗೆ ಬರುವಾಗ ಎರಡನ್ನೂ ಜೋಡಿಸಲೇಬೇಕು. ಇಲ್ಲವಾದರೆ ಗಾಡಿ ಒಂದೇ ಕಡೆ ಎಳೆಯುತ್ತದೆ.

3. ಎರಡು ಚಕ್ರದ ಟ್ರೇಲರ್‌ನಲ್ಲಿ ಹಿಂದೆ ಭಾರ ಹೆಚ್ಚಾದರೆ ಟ್ರ್ಯಾಕ್ಟರಿನ ಹಿಡಿತ ತಪ್ಪುತ್ತದೆ. ಸರಕು ಬಹಳ ಎತ್ತರವೂ ಬೇಡ. ಹಗ್ಗ ಬಿಗಿದು ಕಟ್ಟಲಿ.

4. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಬಾರದು. ಸಣ್ಣ ಗೇರಿನಲ್ಲೇ ನಿಧಾನವಾಗಿ ಇಳಿಯಬೇಕು.

5. ಟ್ರೇಲರ್ ಹಿಂದೆ ಕೆಂಪು ದೀಪ, ಹೊಳೆಯುವ ರಿಫ್ಲೆಕ್ಟರ್ ಇರಲಿ. ಕತ್ತಲಲ್ಲಿ ನಿಂತ ಟ್ರೇಲರ್ ಕಾಣದೆ ಬೈಕಿನ ಹುಡುಗರು ಪ್ರಾಣ ಕಳೆದುಕೊಳ್ಳುತ್ತಾರೆ.

ಇನ್ನು ಕೂಲಿಗೆ ಹೋಗುವ ಸಹೋದರಿಯರ ಮಾತು. "ಸಿಸ್ಟರ್, ಟ್ರ್ಯಾಕ್ಟರ್ ಹತ್ತಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೇ ಕರೆಯಲ್ಲ" ಎನ್ನುತ್ತೀರಿ. ನಿಜ. ಒಬ್ಬಳೇ ಹೇಳಿದರೆ ಮೇಸ್ತ್ರಿ ಅವಳನ್ನು ಬಿಟ್ಟು ಹೋಗುತ್ತಾನೆ. ಇಪ್ಪತ್ತು ಜನ ಸೇರಿ ಕೇಳಿದರೆ ಯಾರನ್ನು ಬಿಟ್ಟಾನು? ಸುಗ್ಗಿಯಲ್ಲಿ ಅವನಿಗೂ ಆಳು ಬೇಕು. ಜನರನ್ನು ಒಯ್ಯಲು ಪರವಾನಗಿ ಇರುವ ಗಾಡಿ ಕಳಿಸು ಎಂದು ಕೇಳೋಣ. ಮುಂದಿನ ವಾರದ ಸಭೆಯಲ್ಲಿ ಇದನ್ನು ಚರ್ಚಿಸಿ, ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ನಮ್ಮ ಕಾರ್ಯಕ್ರಮಗಳಿಗೂ ಇನ್ನು ಟ್ರ್ಯಾಕ್ಟರ್ ಕಳಿಸುವುದಿಲ್ಲ ಎಂದು ನಾವೂ ತೀರ್ಮಾನಿಸಿದ್ದೇವೆ.