ಹೆಗಲಿಗೆ ಗುಂಡು ತಗುಲಿದರೆ



ಭತ್ತ ತೆನೆಯೊಡೆಯುವ ಕಾಲಕ್ಕೆ ಮಲೆನಾಡಿನ ಗದ್ದೆಗಳಿಗೆ ಕಾಡುಹಂದಿ ಇಳಿಯುತ್ತವೆ. ರಾತ್ರಿಯೆಲ್ಲ ಎಚ್ಚರವಿದ್ದು ಪೈರು ಕಾಯುವುದು ನಮಗೆ ಹೊಸದಲ್ಲ. ಹಾಗೆ ಕಾಯಲು ಹೋದ ರೈತರೊಬ್ಬರ ಹೆಗಲಿಗೆ ಕತ್ತಲಲ್ಲಿ ಜೊತೆಗಾರನ ಕೋವಿಯಿಂದಲೇ ಈಡು ಬಿತ್ತು. ಪೊಲೀಸ್ ಕೇಸಾದೀತೆಂಬ ಹೆದರಿಕೆಯಿಂದ ಮನೆಯವರು ಅರಿಶಿನ ಒತ್ತಿ, ಬಟ್ಟೆ ಕಟ್ಟಿ, ಎರಡು ದಿನ ಮುಚ್ಚಿಟ್ಟರು. ಮೂರನೆಯ ದಿನ ಗೊಬ್ಬರದ ಪಟ್ಟಿ ಬರೆದುಕೊಳ್ಳಲು ನಾನು ಹೋದಾಗ ಅವರಿಗೆ ಚಳಿಜ್ವರ ಬಂದಿತ್ತು, ಗಾಯ ನಾರುತ್ತಿತ್ತು. ಕೂಡಲೇ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು. ಆದರೆ ಆ ಕೈ ಇಂದಿಗೂ ತಲೆಗೆ ವಸ್ತ್ರ ಸುತ್ತುವಷ್ಟು ಮೇಲೇಳದು.

ನಾನು ವ್ಯವಸಾಯದ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಅವರೊಡನೆ ಆಸ್ಪತ್ರೆಗೆ ಓಡಾಡುವಾಗ ವೈದ್ಯರಿಂದ ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹೆಗಲೊಳಗೆ ಏನೇನಿದೆ?

"ಹೆಗಲಿಗೆ ತಾನೇ, ಎದೆಗೇನೂ ಬಿದ್ದಿಲ್ಲವಲ್ಲ" ಎಂದು ಸಮಾಧಾನಪಡುವವರುಂಟು. ಇದು ತಪ್ಪು ತಿಳಿವಳಿಕೆ. ತೋಳಿನ ಮೂಳೆ, ಹೆಗಲ ಹಲಗೆ, ಕೊರಳೆಲುಬು ಈ ಮೂರೂ ಕೂಡುವ ಜಾಗ ಅದು. ಕೈಗೆಲ್ಲ ರಕ್ತ ಒಯ್ಯುವ ದೊಡ್ಡ ರಕ್ತನಾಳ ಕೊರಳೆಲುಬಿನ ಅಡಿಯಿಂದ ಕಂಕುಳಿಗೆ ಇಳಿಯುತ್ತದೆ. ಅದರ ಮಗ್ಗುಲಲ್ಲೇ ಕೈಯನ್ನು ಆಡಿಸುವ ನರಗಳ ಕಟ್ಟು ಇದೆ. ಶ್ವಾಸಕೋಶದ ತುದಿಯೂ ಅಲ್ಲಿಂದ ದೂರವಿಲ್ಲ. ಆದ್ದರಿಂದ ಹೊರಗಿನ ತೂತು ಚಿಕ್ಕದೆಂದು ಒಳಗಿನ ಗಾಯವೂ ಚಿಕ್ಕದೆಂದು ತಿಳಿಯಬಾರದು.

ಹತ್ತಿರದಿಂದ ಹೊಡೆದ ಈಡಿನಲ್ಲಿ ಸೀಸದ ಚರೆಗಳೆಲ್ಲ ಚದುರುವ ಮೊದಲೇ ಒಂದೇ ಮುದ್ದೆಯಂತೆ ನುಗ್ಗಿ ಮಾಂಸ, ಮೂಳೆಗಳನ್ನು ಛಿದ್ರಮಾಡುತ್ತವೆ. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯಾದರೆ, ಮದ್ದಿನ ಮೇಲೆ ಗಿಡಿದ ನಾರು, ಬಟ್ಟೆಯ ಚೂರುಗಳೂ ಒಳಸೇರುತ್ತವೆ. ಮೈಮೇಲಿನ ಅಂಗಿಯ ಕೊಳೆಯೂ ಅವುಗಳ ಜೊತೆಗೆ ಹೋಗುತ್ತದೆ. ಕೀವಿಗೂ ಧನುರ್ವಾಯುವಿಗೂ ಇದೇ ಮೂಲ.

ಮೊದಲ ಗಳಿಗೆಯಲ್ಲಿ ಮಾಡಬೇಕಾದದ್ದು

1. ಕೋವಿಯನ್ನು ದೂರವಿಟ್ಟು, 108ಕ್ಕೆ ಫೋನ್ ಮಾಡಿರಿ.

2. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದಿಟ್ಟು ಒತ್ತಿರಿ. ತೋಳಿಗೆ ಬಿಗಿಯುವ ಪಟ್ಟಿ ಹೆಗಲ ಗಾಯಕ್ಕೆ ಉಪಯೋಗವಿಲ್ಲ. ಕೈಯ ಒತ್ತಡವೇ ದಾರಿ.

3. ಕೈಯನ್ನು ಎದೆಗೆ ಒರಗಿಸಿ, ಟವೆಲಿನ ಜೋಲಿ ಕಟ್ಟಿರಿ.

4. ಉಸಿರು ಕಟ್ಟಿದಂತಾದರೆ ಒರಗಿಸಿ ಕೂರಿಸಿರಿ. ಮೈ ತಣ್ಣಗಾಗಿ ಬೆವರಿದರೆ ಮಲಗಿಸಿ ಹೊದಿಸಿರಿ.

5. ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಏನೂ ಕೊಡಬೇಡಿ.

6. ಚರೆ ತೆಗೆಯಲೆಂದು ಬೆರಳಾಗಲಿ ಚಾಕುವಾಗಲಿ ಹಾಕಬೇಡಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಬೆನ್ನಿಗೆ ಗುಂಡು ಬಿದ್ದಾಗ ವೈದ್ಯರೇ ತೊಳೆಯದ ಕೈಗಳಿಂದ ಗಾಯ ಕೆದಕಿದರು. ಗಾಯ ಕೀವಾಗಿ, ಎರಡೂವರೆ ತಿಂಗಳು ನರಳಿ ಅವರು ತೀರಿಕೊಂಡರು.

ಪೊಲೀಸರ ಭಯ

ಗುಂಡಿನ ಗಾಯವನ್ನು ವೈದ್ಯರು ಪೊಲೀಸರಿಗೆ ತಿಳಿಸುವುದು ನಿಜ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬೇಕಾಗಿಲ್ಲ. ಮೊದಲು ಜೀವ ಉಳಿಸಬೇಕು, ಕಾನೂನಿನ ಕೆಲಸ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ; ಇದು ಸರ್ಕಾರಿ, ಖಾಸಗಿ ವೈದ್ಯರಿಬ್ಬರಿಗೂ ಸಲ್ಲುತ್ತದೆ. ಕೇಸಿಗೆ ಉತ್ತರ ಹೇಳಲು ನಾಳೆಯಿದೆ; ಸುರಿದುಹೋಗುವ ರಕ್ತಕ್ಕೆ ನಾಳೆಯಿಲ್ಲ.

ಆಸ್ಪತ್ರೆಯಲ್ಲಿ

ಮಣಿಕಟ್ಟಿನ ನಾಡಿ ಹಿಡಿದು, ಬೆರಳು ಬಿಡಿಸಲು, ಮಣಿಕಟ್ಟು ಎತ್ತಲು ಹೇಳಿ ವೈದ್ಯರು ರಕ್ತನಾಳ, ನರಗಳನ್ನು ಪರೀಕ್ಷಿಸುತ್ತಾರೆ. ಎಕ್ಸ್‌ರೇ ತೆಗೆಸಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಗಾಯ ತೊಳೆದು ಸತ್ತ ಮಾಂಸವನ್ನು ತೆಗೆಯುತ್ತಾರೆ. ಕೆಲವು ದಿನ ಗಾಯವನ್ನು ಹೊಲಿಯದೆ ಬಿಟ್ಟರೆ ಅದನ್ನು ಅಲಕ್ಷ್ಯವೆಂದು ಭಾವಿಸಬೇಡಿ. ಕೊಳೆ ಒಳಗೇ ಉಳಿಯದಿರಲೆಂದು ಹಾಗೆ ಮಾಡುತ್ತಾರೆ. ಮಾಂಸದಲ್ಲಿ ಹುದುಗಿದ ಚರೆಗಳನ್ನು ಸಾಮಾನ್ಯವಾಗಿ ಅಲ್ಲಿಯೇ ಬಿಡುತ್ತಾರೆ. ಆದರೆ ಕೀಲಿನೊಳಗೆ ಉಳಿದ ಚರೆಯನ್ನು ತೆಗೆಯಲೇಬೇಕು. ಕೀಲಿನ ನೀರಿನಲ್ಲಿ ಸೀಸ ಕರಗಿ ಕೀಲು ಕೆಡುತ್ತದೆ. ರಕ್ತಕ್ಕೆ ವಿಷವೂ ಏರಬಹುದು.

ಕೈ ಮರಳಿ ಬರುವ ದಾರಿ

ಗಾಯ ಮಾಯ್ದೊಡನೆ ಕೆಲಸ ಮುಗಿಯಲಿಲ್ಲ. ಮೂಳೆ ಕೂಡಲು ಒಂದೂವರೆಯಿಂದ ಮೂರು ತಿಂಗಳು ಬೇಕಾದೀತು. ಕಡಿದ ನರ ಹೊಲಿದ ಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ, ಹೊಸದಾಗಿ ನೆಟ್ಟ ಮೆಣಸಿನ ಬಳ್ಳಿ ಮರ ಹತ್ತುವ ಹಾಗೆ, ನಿಧಾನವಾಗಿ ಬೆಳೆಯುತ್ತದೆ. ಹೆಗಲಿನಿಂದ ಅಂಗೈಗೆ ತಲುಪಲು ವರ್ಷದ ಮೇಲೆಯೂ ಹಿಡಿಯಬಹುದು. ಎಲ್ಲ ನರವೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಜೋಮು ಹಿಡಿದ ಕೈಗೆ ಒಲೆಯ ಬಿಸಿ ತಿಳಿಯದು, ಸುಟ್ಟುಕೊಳ್ಳದಂತೆ ಎಚ್ಚರವಿರಲಿ.

ನಮ್ಮ ರೈತರು ಕೈಯನ್ನು ಎರಡು ತಿಂಗಳು ಜೋಲಿಯಿಂದ ತೆಗೆಯಲೇ ಇಲ್ಲ; "ನೋವಾಗುತ್ತೆ ಸ್ವಾಮಿ" ಎನ್ನುತ್ತಿದ್ದರು. ಬಳಸದ ಗೇಟಿನ ತಿರುಗಣೆಯಂತೆ ಹೆಗಲು ಸೆಟೆದುಕೊಂಡಿತು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ವೈದ್ಯರು ಬೇಡವೆನ್ನದಿದ್ದರೆ ಮೊದಲ ದಿನಗಳಿಂದಲೇ ಆಡಿಸಬೇಕು. ಅವರು ಒಪ್ಪಿಗೆ ಕೊಟ್ಟ ಮೇಲೆ ಮುಂದಕ್ಕೆ ಬಾಗಿ, ಕೈಯನ್ನು ಜೋತುಬಿಟ್ಟು, ಬಾವಿಗಿಳಿದ ಕೊಡದಂತೆ ಮೆಲ್ಲಗೆ ತೂಗಾಡಿಸಬೇಕು. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಬೇಕು. ಪ್ರತಿದಿನ ಮುಟ್ಟಿದೆಡೆಗೆ ಇದ್ದಿಲ ಗೆರೆ ಎಳೆದರೆ ಏರಿಕೆ ಕಣ್ಣಿಗೆ ಕಾಣುತ್ತದೆ.

ಆ ರೈತರ ಮನೆಯ ಜಗಲಿಯ ಗೋಡೆಯಲ್ಲಿ ಈಗ ಅಂಥ ಗೆರೆಗಳಿವೆ. ತಡವಾಗಿ ತೊಡಗಿದರೂ ಮೊನ್ನೆ ಒಂದು ಗೆರೆ ಅವರ ಗಲ್ಲದ ಮಟ್ಟ ದಾಟಿತ್ತು. ಅವರಿಗೆ ಈಡು ಹೊಡೆದ ಜೊತೆಗಾರನೇ ದಿನವೂ ಸಂಜೆ ಬಂದು ಪಕ್ಕದಲ್ಲಿ ನಿಂತು ಗೆರೆ ಎಳೆಯುತ್ತಾನೆ.

ಕಾಣದ ಸದ್ದಿಗೆ ಕೋವಿ ಎತ್ತಬೇಡಿ. ಎತ್ತಿ ಅನಾಹುತವಾದರೆ ಮುಚ್ಚಿಡಬೇಡಿ. ಪೈರು ಹೋದರೆ ಬರುವ ವರ್ಷ ಬೆಳೆದುಕೊಳ್ಳಬಹುದು. ಬೆಳೆಯಲು ಕೈ ಬೇಕು.